ಮಗುವಾಗಿದ್ದಾಗ ಆದ ದೀಕ್ಷಾಸ್ನಾನ ಸಾಲದೇ?

ಪ್ರಶ್ನೆ: ನಾನು ಬಂಗಾರಪೇಟೆಯವಳು. ಹಸುಗೂಸಾಗಿದ್ದಾಗ ಕೋಲಾರದ ಮೆಥೋಡಿಸ್ಟ್ ಸಭೆಯಲ್ಲಿ ಅಯ್ಯನವರು ತಲೆಯ ಮೇಲೆ ನೀರು ಹಾಕಿ ದೀಕ್ಷಾಸ್ನಾನ ಕೊಟ್ಟಿದ್ದರು. ಮದುವೆಯ ನಂತರ ಗಂಡನ ಮನೆಯವರ ಸಭೆಗೆ ಹೋಗುತ್ತಿದ್ದೇನೆ. ಅಲ್ಲಿ ‘ಅದು ಲೆಕ್ಕಕ್ಕಿಲ್ಲ, ಮುಳುಗಿ ಮತ್ತೆ ತೆಗೆದುಕೊಳ್ಳಬೇಕು’ ಎನ್ನುತ್ತಾರೆ. ಅಮ್ಮನಿಗೆ ತುಂಬಾ ನೋವಾಗಿದೆ. ಏನು ಮಾಡಲಿ?

ಉತ್ತರ: ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ನೀರಿನಿಂದ ನಿಮಗೆ ದೀಕ್ಷಾಸ್ನಾನವಾಗಿದೆ. ಮತ್ತೆ ಆಗಬೇಕಿಲ್ಲ ಎಂಬುದೇ ನನ್ನ ದೃಢ ಅಭಿಪ್ರಾಯ. ‘ಒಂದೇ ದೀಕ್ಷಾಸ್ನಾನ’ ಎಂದು ಎಫೆಸದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯ ಹೇಳುತ್ತದೆ. ಕ್ರೈಸ್ತ ನಂಬಿಕೆಯ ಸಾರವನ್ನು ಹೇಳುವ 381ರ ನೈಸೀಯ ವಿಶ್ವಾಸಪ್ರಮಾಣದಲ್ಲೂ ಅದೇ ಮಾತಿದೆ.

ಹಾಗೆಂದು ನಿಮ್ಮ ಗಂಡನ ಮನೆಯವರ ಮಾತನ್ನು ಹಗುರವಾಗಿ ಕಾಣಬೇಡಿ. ಮೊದಲು ನಂಬಿಕೆ, ಆಮೇಲೆ ನೀರು ಎಂಬ ಕ್ರಮ ಅಪೊಸ್ತಲರ ಕೃತ್ಯಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ ಮನೆಮಂದಿಯೆಲ್ಲರೊಡನೆ ದೀಕ್ಷಾಸ್ನಾನ ಪಡೆದನೆಂದಿದೆ. ಆ ಮನೆಯಲ್ಲಿ ಕೂಸುಗಳಿದ್ದವೋ ಇಲ್ಲವೋ ಹೇಳಿಲ್ಲ. ಕ್ರಿಸ್ತನೊಡನೆ ಸತ್ತು, ಹೂಣಲ್ಪಟ್ಟು, ಹೊಸ ಜೀವಕ್ಕೆ ಏಳುವುದು ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯ ಕೊಡುವ ಅರ್ಥವನ್ನು ಮುಳುಗಿ ಏಳುವುದು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ನೀರಿನ ಪ್ರಮಾಣದ ಮೇಲೆ ದೀಕ್ಷಾಸ್ನಾನ ನಿಂತಿಲ್ಲ. ಆದಿ ಸಭೆಯ ಕೈಪಿಡಿಯಾದ ‘ದಿದಾಖೆ’ ಹರಿಯುವ ನೀರೇ ಇರಲಿ ಎನ್ನುತ್ತದೆ. ಅದಿಲ್ಲದಿದ್ದರೆ ಬೇರೆ ನೀರು, ಸಾಕಷ್ಟು ನೀರೇ ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ ಎನ್ನುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗುವುದನ್ನು ನೋಡಿರುವ ನಮ್ಮ ಜಿಲ್ಲೆಯವರಿಗೆ ಈ ವಿವೇಕವನ್ನು ಬಿಡಿಸಿ ಹೇಳಬೇಕಿಲ್ಲ.

ಎಫೆಸದಲ್ಲಿ ಪೌಲನು ಕೆಲವರಿಗೆ ಮತ್ತೆ ದೀಕ್ಷಾಸ್ನಾನ ಮಾಡಿಸಲಿಲ್ಲವೇ ಎಂದು ನಿಮ್ಮನ್ನು ಕೇಳಬಹುದು. ಅವರಿಗೆ ಆಗಿದ್ದದ್ದು ಯೇಸುವಿಗಿಂತ ಮುಂಚೆ ಬಂದು ಪಶ್ಚಾತ್ತಾಪವನ್ನು ಸಾರಿದ ಸ್ನಾನಿಕ ಯೋಹಾನನ ದೀಕ್ಷಾಸ್ನಾನ ಮಾತ್ರ, ಯೇಸುವಿನ ಹೆಸರಿನದಲ್ಲ. ನಿಮ್ಮ ವಿಷಯ ಹಾಗಲ್ಲ. ಅಂದು ನಿಮಗೆ ಬುದ್ಧಿ ಬಂದಿರಲಿಲ್ಲ, ನಿಜ. ಆದರೆ ಅಲ್ಲಿ ಮೊದಲು ಕೈಚಾಚಿದವನು ದೇವರು. ನಿಮ್ಮ ನಂಬಿಕೆ ಅದಕ್ಕೆ ಕೊಡುವ ಉತ್ತರ. ಆ ಉತ್ತರ ಆಮೇಲೆ ಬಂದರೂ ಅವನ ಕೃಪೆ ಸುಳ್ಳಾಗುವುದಿಲ್ಲ.

ಈಗ ನಿಮ್ಮ ಬಾಯಿಂದಲೇ ನಂಬಿಕೆಯನ್ನು ಅರಿಕೆ ಮಾಡಬೇಕೆನಿಸಿದರೆ ಅದಕ್ಕೆ ದಾರಿಯಿದೆ. ಮೆಥೋಡಿಸ್ಟ್ ಪಂಥಕ್ಕೆ ನಾಂದಿ ಹಾಡಿದ ಜಾನ್ ವೆಸ್ಲಿ 1755ರಲ್ಲಿ ಆರಂಭಿಸಿದ, ನಮ್ಮನ್ನು ದೇವರಿಗೆ ಹೊಸದಾಗಿ ಒಪ್ಪಿಸಿಕೊಳ್ಳುವ ಒಡಂಬಡಿಕೆಯ ಆರಾಧನೆ ಮೆಥೋಡಿಸ್ಟರಲ್ಲಿ ಸಾಮಾನ್ಯವಾಗಿ ಹೊಸ ವರ್ಷದ ಹೊತ್ತಿಗೆ ನಡೆಯುತ್ತದೆ. ಗಂಡನನ್ನೂ ಕರೆದುಕೊಂಡು ಅಮ್ಮನ ಜೊತೆ ಹೋಗಿ. ಅದಕ್ಕೂ ಮೊದಲು ಈಗಿನ ಸಭೆಯ ಪಾಸ್ಟರನ್ನು ನೇರವಾಗಿ ಕೇಳಿ: ನನ್ನ ನಂಬಿಕೆಯ ಸಾಕ್ಷಿಯನ್ನು ಕೇಳಿ, ಮತ್ತೆ ದೀಕ್ಷಾಸ್ನಾನವಿಲ್ಲದೆಯೇ ಸದಸ್ಯಳಾಗಿ ಸೇರಿಸಿಕೊಳ್ಳುತ್ತೀರಾ? ಕೆಲವು ಸಭೆಗಳು ಒಪ್ಪುತ್ತವೆ. ಒಪ್ಪದಿದ್ದರೆ ಮನೆಯವರ ಒತ್ತಾಯಕ್ಕೆ ಮಣಿದು ನೀರಿಗೆ ಇಳಿಯಬೇಡಿ.