ಹಳೆಯ ಹಾಯಿದೋಣಿಗೆ ಹೊಸ ಹೆಸರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ 30 ಅಡಿಯ ಹಳೆಯ ಕ್ಯಾಟಲಿನಾ ಕಂಪನಿಯ ಹಾಯಿದೋಣಿ ಕೊಂಡಿದ್ದೇವೆ. ಹಿಂದಿನವರು ಇಟ್ಟ ಇಂಗ್ಲಿಷ್ ಹೆಸರು ತೆಗೆದು ಕನ್ನಡದ್ದೊಂದು ಇಡುವ ಆಸೆ. 'ಅಲೆ', 'ಗಾಳಿ', 'ಬೆಳ್ಳಿ' ಈ ಮೂರರಲ್ಲಿ ಯಾವುದೆಂದು ಮನೆಯಲ್ಲಿ ಒಮ್ಮತವಿಲ್ಲ. ನೀವೇ ಹೇಳಿ.

ಉತ್ತರ: ಮೂರೂ ಬೇಡ. ನಮ್ಮ ಕಿವಿಗೆ ಚೆಂದವೇ, ಆದರೆ ಲ್ಯಾಟಿನ್ ಅಕ್ಷರಕ್ಕೆ ಇಳಿದ ಕೂಡಲೇ ಕೆಡುತ್ತವೆ. 'ಅಲೆ'ಯನ್ನು ಎ-ಎಲ್-ಇ ಎಂದು ಬರೆದರೆ ಅಲ್ಲಿನವರು ಅದನ್ನು ಒಂದು ಬಗೆಯ ಬಿಯರ್ ಎಂದು ಓದುತ್ತಾರೆ. 'ಗಾಳಿ' ಅವರಿಗೆ 'ಗ್ಯಾಲಿ', ಅಂದರೆ ದೋಣಿಯ ಅಡುಗೆಮನೆ. 'ಬೆಳ್ಳಿ' ಹೊಟ್ಟೆಯಾಗುತ್ತದೆ. 'ಹಾಯಿ' ಎಂದಿಡೋಣ ಅಂದುಕೊಂಡರೆ ರೇಡಿಯೊದಲ್ಲಿ ಪ್ರತಿ ಸಲವೂ ಯಾರಿಗೋ 'ಹಾಯ್' ಅಂದಹಾಗೆ ಕೇಳಿಸುತ್ತದೆ.

ದೋಣಿಯ ಹೆಸರನ್ನು ಕಣ್ಣಿಗಿಂತ ಕಿವಿ ಒಪ್ಪಬೇಕು. ತುರ್ತು ಕರೆಯಲ್ಲಿ 'ಮೇಡೇ' ಎಂದು ಮೂರು ಸಲ ಕೂಗಿದ ಮೇಲೆ ದೋಣಿಯ ಹೆಸರನ್ನೂ ಮೂರು ಸಲ ಹೇಳಬೇಕು, ಕೇಳುವವರಿಗೆ ತಿಳಿಯದಿದ್ದರೆ ಅಕ್ಷರ ಬಿಡಿಸಬೇಕು. ರೇಡಿಯೊದಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಗೊತ್ತಾದ ಒಂದು ಪದವಿದೆ. 'ಕಡಲು' ಆದರೆ ಕಿಲೋ, ಆಲ್ಫಾ, ಡೆಲ್ಟಾ, ಆಲ್ಫಾ, ಲೀಮಾ, ಯೂನಿಫಾರ್ಮ್, ಆರಕ್ಕೆ ಮುಗಿಯಿತು. 'ಶರಾವತಿ'ಗೆ ಒಂಬತ್ತೋ ಹತ್ತೋ ಅಕ್ಷರ. ಜೊತೆಗೆ 'ತಿ'ಗೆ ಟಿ ಒಂದೇ ಸಾಕೋ ಎಚ್ ಸೇರಿಸಬೇಕೋ ಎಂಬ ತಕರಾರು ಬೇರೆ. ಲ-ಳ, ನ-ಣ, ಹ್ರಸ್ವ-ದೀರ್ಘ ಇವೆಲ್ಲ ಲ್ಯಾಟಿನ್‌ನಲ್ಲಿ ಅಳಿಸಿಹೋಗುತ್ತವೆ. ಹಾಗಾಗಿ ಅವುಗಳ ಮೇಲೆ ನಿಲ್ಲದ, ಎರಡು-ಮೂರು ಉಚ್ಚಾರಾಂಶದ ಪದ ಆರಿಸಿ. ಕಡಲು, ನವಿಲು, ಮುಗಿಲು, ಕಾವೇರಿ ಆಗಬಹುದು. ನಮ್ಮ ಮನಸ್ಸಿಗೆ ಹತ್ತಿರದ್ದು 'ಮಂಜಿ'. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ನಾವೆಗಳನ್ನು ಕರೆಯುವುದು ಹಾಗೇ.

ಆರಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಅಡುಗೆಮನೆಯಲ್ಲಿ ಮಿಕ್ಸಿ ಓಡಿಸುತ್ತ, ಕನ್ನಡ ಬಾರದ ಪರಿಚಯಸ್ಥರೊಬ್ಬರಿಗೆ ಫೋನಿನಲ್ಲಿ ಹೆಸರನ್ನು ಮೂರು ಸಲ ಹೇಳಿ ಬರೆದುಕೊಳ್ಳಲು ಹೇಳಿ. ಅವರು ಬರೆದದ್ದು ನಿಮ್ಮ ಕಾಗುಣಿತಕ್ಕೆ ಹತ್ತಿರ ಬಂದರೆ ಹೆಸರು ಗಟ್ಟಿ. ಎಂಜಿನ್ ಸದ್ದಿನ ನಡುವೆ ರೇಡಿಯೊ ಕೇಳಿಸುವುದು ಸುಮಾರಾಗಿ ಹಾಗೆಯೇ.

ನದಿಯ ಹೆಸರು ಬೇಕೆನ್ನುವವರಿಗೆ ಒಳ್ಳೆಯ ಮಾದರಿ ನಮ್ಮ ನೌಕಾಪಡೆಯದೇ. ಗೋವಾದಲ್ಲಿ ಕಟ್ಟಿ 2009ರಲ್ಲಿ ಸೇವೆಗೆ ಸೇರಿದ ಹಾಯಿದೋಣಿಯ ಹೆಸರು 'ಮ್ಹಾದೇಯಿ'. ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಅದು. ಭಾರತೀಯರೊಬ್ಬರು ಒಂಟಿಯಾಗಿ ಹಾಯಿಯಲ್ಲಿ ಭೂಪ್ರದಕ್ಷಿಣೆ ಮಾಡಿದ್ದು ಮೊದಲು ಅದರಲ್ಲೇ.

ಪ್ರಶ್ನೆ: ದೋಣಿಯ ಹೆಸರು ಬದಲಿಸಿದರೆ ಅಪಶಕುನ ಎಂದು ಮರೀನಾದ ಹಿರಿಯರು ಹೆದರಿಸುತ್ತಿದ್ದಾರೆ. ನಿಜವೇ?

ಉತ್ತರ: ಪಾಶ್ಚಾತ್ಯ ನಾವಿಕರಲ್ಲಿ ಹಳೆಯ ನಂಬಿಕೆ. ಸಮುದ್ರದೇವನ ಲೆಕ್ಕದ ಪುಸ್ತಕದಲ್ಲಿ ಪ್ರತಿ ಹಡಗಿನ ಹೆಸರೂ ಇರುತ್ತದಂತೆ. ಹಳೆಯದನ್ನು ಪೂರ್ತಿ ಅಳಿಸಿ, ವೈನ್ ಎರೆದು, ಆಮೇಲೆ ಹೊಸದನ್ನು ಹೇಳಬೇಕಂತೆ. ಹೊಸ ಹೆಸರು ಬರೆದ ಒಂದು ಟೀ ಲೋಟವನ್ನೂ ಅದಕ್ಕೆ ಮೊದಲು ದೋಣಿಗೆ ಹತ್ತಿಸಬಾರದು. ಧ್ರುವ ಅನ್ವೇಷಕ ಶ್ಯಾಕಲ್ಟನ್ ಅವರ ಹಡಗು 'ಎಂಡ್ಯೂರೆನ್ಸ್' ಹುಟ್ಟುವಾಗ 'ಪೊಲಾರಿಸ್' ಆಗಿತ್ತು, 1915ರಲ್ಲಿ ಮುಳುಗಿತು, ಸರಿ. ಆದರೆ ಅದನ್ನು ಮುರಿದದ್ದು ಅಂಟಾರ್ಕ್ಟಿಕದ ಹಿಮ, ಮತ್ತು ಅದರಲ್ಲಿದ್ದ 28 ಜನರೂ ಬದುಕಿ ಬಂದರು. ತೆಂಗಿನಕಾಯಿ ಒಡೆಯುವ ಮನಸ್ಸಿದ್ದರೆ ಒಡೆಯಿರಿ, ಜೆಲ್‌ಕೋಟ್ (ಫೈಬರ್ ದೋಣಿಯ ಹೊರಗಿನ ಹೊಳಪು ಪದರ) ಮೇಲೆ ಮಾತ್ರ ಬೇಡ, ದಕ್ಕೆಯ ಕಲ್ಲಿನ ಮೇಲೆ.

ಹಳೆಯ ಹೆಸರನ್ನು ಎಲ್ಲೆಡೆ ಅಳಿಸಬೇಕೆಂಬ ಭಾಗವನ್ನು ಮಾತ್ರ ನಂಬಿಕೆಯೆಂದು ತಳ್ಳಿಹಾಕಬೇಡಿ. ಲೈಫ್‌ಬಾಯ್ ಎಂಬ ತೇಲುಬಳೆ, ಲೈಫ್ ಜಾಕೆಟ್, ಡಿಂಗಿ ಎಂಬ ಪುಟ್ಟ ದೋಣಿ, ಬೀಗದ ಗೊಂಚಲು, ಎಲ್ಲದರ ಮೇಲೂ ಅದು ಉಳಿದಿರುತ್ತದೆ. ಹಳೆಯ ಹೆಸರಿನ ಲೈಫ್ ಜಾಕೆಟ್ ನೀರಿನಲ್ಲಿ ತೇಲುತ್ತ ಸಿಕ್ಕರೆ ಹುಡುಕುವವರು ಬೇರೆಯದೇ ದೋಣಿಯನ್ನು ಹುಡುಕಿಯಾರು.

ಪ್ರಶ್ನೆ: ಕಾಗದಪತ್ರದಲ್ಲಿ ಏನೇನು ಬದಲಿಸಬೇಕು?

ಉತ್ತರ: ನಿಮ್ಮ ದೋಣಿ ರಾಜ್ಯದ ನೋಂದಣಿಯಲ್ಲಿ ಮಾತ್ರ ಇದ್ದರೆ ಕೆಲಸ ಕಡಿಮೆ. ಅಲ್ಲಿ ಮುಖ್ಯ ಗುರುತು ಮುಂಭಾಗದ ನೋಂದಣಿ ಸಂಖ್ಯೆ, ಹೆಸರಲ್ಲ. ಕೋಸ್ಟ್ ಗಾರ್ಡ್ ದಾಖಲಾತಿ ಇದ್ದರೆ ಸಿಜಿ-1258 ಅರ್ಜಿಯಲ್ಲಿ ಹೊಸ ಹೆಸರು ಬರೆದು ಪ್ರಮಾಣಪತ್ರ ಬದಲಿಸಿಕೊಳ್ಳಬೇಕು. ದೋಣಿಯ ಮೇಲೆ ನೋಂದಾಯಿತ ಸಾಲವಿದ್ದರೆ ಸಾಲ ಕೊಟ್ಟವರ ಒಪ್ಪಿಗೆಯೂ ಬೇಕು. ಹೆಸರು ಲ್ಯಾಟಿನ್ ಅಕ್ಷರದಲ್ಲೇ ಇರಬೇಕು, 33 ಅಕ್ಷರ ಮೀರಬಾರದು, ಸಮುದ್ರದಲ್ಲಿ ನೆರವು ಕೇಳುವ ಪದಗಳಂತೆ ಕೇಳಿಸಬಾರದು. ಅದೇ ಹೆಸರು ಬೇರೆ ದೋಣಿಗಿದ್ದರೆ ಅಡ್ಡಿಯಿಲ್ಲ. ದೋಣಿಯ ಗುರುತು, ಜಾಗವನ್ನು ಸುತ್ತಲಿನವರಿಗೆ ಸಾರುವ ಎಐಎಸ್ ಉಪಕರಣದಲ್ಲಿ ಹೆಸರಿಗೆ 20 ಅಕ್ಷರಗಳಷ್ಟೇ ಜಾಗ, ಹಾಗಾಗಿ ನಿಜವಾದ ಮಿತಿ ಅದೇ ಎಂದುಕೊಳ್ಳಿ. ಹೊಸ ಪ್ರಮಾಣಪತ್ರ ಕೈಗೆ ಬರುವ ಮೊದಲು ಹೆಸರು ಅಂಟಿಸಬೇಡಿ, ಕಾಗದಕ್ಕೂ ದೋಣಿಗೂ ತಾಳೆಯಾಗದಿದ್ದರೆ ತಪಾಸಣೆಯಲ್ಲಿ ಉತ್ತರ ಹೇಳಬೇಕಾಗುತ್ತದೆ. ಸರ್ಕಾರಿ ಮೊಹರಿನಂತಿರುವ ಲಕೋಟೆಯಲ್ಲಿ ಖಾಸಗಿ ಏಜೆಂಟರು ನವೀಕರಣದ ದುಡ್ಡು ಕೇಳುವುದುಂಟು, ಕಳಿಸಿದವರು ಯಾರೆಂದು ನೋಡಿಯೇ ಹಣ ಕೊಡಿ.

ಹೆಚ್ಚಿನವರು ಮರೆಯುವುದು ರೇಡಿಯೊವನ್ನು. ಅದರ ತುರ್ತು ಕರೆಯ ಕೆಂಪು ಗುಂಡಿ ಒತ್ತಿದಾಗ ಹೋಗುವುದು ಹೆಸರಲ್ಲ, ಒಂಬತ್ತು ಅಂಕಿಯ ಎಂಎಂಎಸ್‌ಐ ಸಂಖ್ಯೆ. ದಡದಲ್ಲಿರುವವರು ಆ ಸಂಖ್ಯೆಯಿಂದ ಹೆಸರು, ಮಾಲೀಕರ ಫೋನು ಹುಡುಕುತ್ತಾರೆ. ಅದು ಹಳೆಯ ಮಾಲೀಕರದ್ದೇ ಆಗಿದ್ದರೆ ಫೋನು ಅವರ ಮನೆಗೆ ಹೋಗುತ್ತದೆ. ದಾಖಲೆಯನ್ನು ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳುವುದು ಸುಲಭ ದಾರಿ. ಹಲವು ರೇಡಿಯೊಗಳಲ್ಲಿ ಈ ಸಂಖ್ಯೆಯನ್ನು ಒಂದೆರಡು ಸಲ ಹಾಕಿದರೆ ಮುಗಿಯಿತು, ಮತ್ತೆ ಬದಲಿಸಲು ತಯಾರಕರಿಗೇ ಕಳಿಸಬೇಕು. ಇಪರ್ಬ್ (ಉಪಗ್ರಹದ ಮೂಲಕ ತುರ್ತು ಸಂಕೇತ ಕಳಿಸುವ ಸಾಧನ) ಇದ್ದರೆ ಅದರ ನೋಂದಣಿ, ಆಮೇಲೆ ವಿಮೆ.

ಪ್ರಶ್ನೆ: ಹಳೆಯ ಅಕ್ಷರ ಕಿತ್ತರೂ ಅದರ ನೆರಳು ಉಳಿದಿದೆ. ಏನು ಮಾಡುವುದು?

ಉತ್ತರ: ಅದು ಅಂಟಿನ ಕಲೆಯಲ್ಲ. ಸುತ್ತಲಿನ ಜೆಲ್‌ಕೋಟ್ ಬಿಸಿಲಿಗೆ ಮಂಕಾಗಿದೆ, ಅಕ್ಷರದ ಅಡಿಯದು ಹೊಸದರಂತೆ ಉಳಿದಿದೆ. ಉಜ್ಜಬೇಕಾದದ್ದು ನೆರಳನ್ನಲ್ಲ, ಸುತ್ತಲಿನದನ್ನು. ಮೊದಲು ಉಳಿದ ಅಂಟನ್ನು ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ತೆಗೆಯಿರಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಬಳಿಕ ಪಾಲಿಶಿಂಗ್ ಕಾಂಪೌಂಡ್ ಹಾಕಿ ನೋಡಿ. ಅದಕ್ಕೂ ಬಗ್ಗದಿದ್ದರೆ ಮಾತ್ರ 1000, 1500, 2000 ನಂಬರಿನ ಮರಳು ಕಾಗದದಲ್ಲಿ ನೀರು ಹಾಕಿ ಉಜ್ಜಿ, ಮತ್ತೆ ಕಾಂಪೌಂಡ್. ಜೆಲ್‌ಕೋಟ್ ದಪ್ಪ ಹೆಚ್ಚೆಂದರೆ ಅರ್ಧ ಮಿಲಿಮೀಟರಿನ ಆಸುಪಾಸು, ಒಂದೇ ಕಡೆ ನಿಂತು ಉಜ್ಜಿದರೆ ಒಳಗಿನ ಫೈಬರ್ ಕಾಣುತ್ತದೆ. ಹಿಂಬದಿಯ ಬಲ ಮೂಲೆಯಲ್ಲಿ ಮೂಡಿಸಿರುವ 12 ಅಕ್ಷರ-ಅಂಕಿಯ ಒಡಲ ಸಂಖ್ಯೆಯನ್ನು ಮುಟ್ಟಲೇಬೇಡಿ.

ಮೇಣವನ್ನು ಈಗ ಹಚ್ಚಬೇಡಿ, ಹೊಸ ವಿನೈಲ್ (ಅಕ್ಷರ ಕತ್ತರಿಸುವ ಪ್ಲಾಸ್ಟಿಕ್ ಹಾಳೆ) ಹಿಡಿಯುವುದಿಲ್ಲ. ಹೊಸ ಹೆಸರು ಮೂಲೆಯಿಂದ ಎದ್ದು ಬರುವುದಕ್ಕೆ ಸಾಮಾನ್ಯ ಕಾರಣ ಇದೇ.

ಪ್ರಶ್ನೆ: ಕನ್ನಡ ಅಕ್ಷರದಲ್ಲೂ ಹೆಸರು ಹಾಕಬಹುದೇ?

ಉತ್ತರ: ಧಾರಾಳವಾಗಿ. ಲ್ಯಾಟಿನ್‌ನಲ್ಲಿ ಹೆಸರು, ಊರು, ರಾಜ್ಯ ಒಟ್ಟಿಗೆ 4 ಇಂಚಿಗೆ ಕಡಿಮೆಯಿಲ್ಲದ ಅಕ್ಷರದಲ್ಲಿ ಹೊರಗೆ ಕಾಣುವಂತಿದ್ದರೆ ಕಾನೂನಿನ ಪಾಲು ಮುಗಿಯಿತು. ಕನ್ನಡವನ್ನು ಅದರ ಮೇಲೋ ದೋಣಿಯ ಪಕ್ಕಕ್ಕೋ ಹಾಕಿ. ಅಕ್ಷರ ಕತ್ತರಿಸಿಕೊಡುವ ಅಂಗಡಿಗೆ ಟೈಪ್ ಮಾಡಿದ ಕಡತ ಮಾತ್ರ ಕಳಿಸಬೇಡಿ. ಅವರ ಕಂಪ್ಯೂಟರಿನಲ್ಲಿ ಫಾಂಟ್ ಇರುವುದಿಲ್ಲ, ಒತ್ತಕ್ಷರ ಪಕ್ಕಕ್ಕೆ ಜಾರಿ ಕೂರುತ್ತದೆ, ಕತ್ತರಿಸುವವರಿಗೆ ಅದು ತಪ್ಪೆಂದು ಗೊತ್ತಾಗುವುದೂ ಇಲ್ಲ. ಅಕ್ಷರಗಳನ್ನು ರೇಖೆಗಳಾಗಿ ಪರಿವರ್ತಿಸಿದ ಪಿಡಿಎಫ್ ಕೊಟ್ಟು, ಕತ್ತರಿಸುವ ಮೊದಲು ಅವರ ಪರದೆಯ ಚಿತ್ರ ತರಿಸಿ ನೋಡಿ. ದಪ್ಪ ಗೆರೆಯ ಫಾಂಟ್ ಇರಲಿ. ಮೊದಲು ಕಿತ್ತು ಬರುವುದು ಸಣ್ಣ ಒತ್ತಕ್ಷರವೇ, ಒತ್ತಿಲ್ಲದ 'ಕಡಲು', 'ನವಿಲು' ಇಲ್ಲೂ ಗೆಲ್ಲುತ್ತವೆ. 'ಕ್ಯಾಸ್ಟ್' ವಿನೈಲ್ ಕೇಳಿ, ಅಗ್ಗದ್ದು ಬಾಗಿದ ಮೇಲ್ಮೈಯಲ್ಲಿ ಬೇಗ ಕುಗ್ಗುತ್ತದೆ.

ಅಂಟಿಸುವಾಗ ಮಟ್ಟಗೋಲು ಇಡಬೇಡಿ. ನೀರಿನಲ್ಲಿರುವ ದೋಣಿ ಯಾವಾಗಲೂ ಒಂದಿಷ್ಟು ವಾಲಿರುತ್ತದೆ. ಹಿಂಬದಿಯ ಎರಡೂ ಅಂಚುಗಳಿಂದ ಅಳೆದು ನಡುಗೆರೆ ಹಾಕಿ, ಮಾಸ್ಕಿಂಗ್ ಟೇಪಿನಿಂದ ಹಿಡಿಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ. ಅರ್ಧ ಲೀಟರ್ ನೀರಿಗೆ ಎರಡು ಮೂರು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಚಿಮುಕಿಸಿದರೆ ಜರುಗಿಸಲು ಸ್ವಲ್ಪ ಹೊತ್ತು ಸಿಗುತ್ತದೆ. ನಡುವಿನಿಂದ ಅಂಚಿಗೆ ನೀರನ್ನು ಒತ್ತಿ ತೆಗೆದು, ಚೆನ್ನಾಗಿ ಹಿಡಿದ ಮೇಲೆ ಅಕ್ಷರಗಳನ್ನು ಒಟ್ಟಿಗೆ ಹಿಡಿದಿರುವ ಮೇಲಿನ ಕಾಗದವನ್ನು ಹಿಂದಕ್ಕೆ ಮಡಚಿ ನಿಧಾನ ಎಳೆಯಿರಿ. ಒತ್ತಕ್ಷರವೇನಾದರೂ ಕಾಗದದ ಜೊತೆ ಏಳುತ್ತಿದ್ದರೆ ಎಳೆಯುವುದು ನಿಲ್ಲಿಸಿ, ಕಾಗದವನ್ನು ಮತ್ತೆ ಕೂರಿಸಿ, ಬೆರಳಿನಿಂದ ಉಜ್ಜಿ ಹತ್ತು ನಿಮಿಷ ಬಿಡಿ.