ಕೊಂದವರು ಯಾರೆಂದು ಗೊತ್ತಿದ್ದೂ ಓದಿಸಿಕೊಳ್ಳುವ ಪುಸ್ತಕ

ಅಮೆರಿಕದ ಲೇಖಕ ಟ್ರೂಮನ್ ಕಪೋಟಿ ನಿಜವಾಗಿ ನಡೆದ ಕೊಲೆ ಪ್ರಕರಣವೊಂದನ್ನು ಕುರಿತು ಬರೆದ ‘ಇನ್ ಕೋಲ್ಡ್ ಬ್ಲಡ್’ ಕೃತಿಯಲ್ಲಿ ಕೊಲೆಗಾರರು ಯಾರೆಂಬುದು ಆರಂಭದಲ್ಲೇ ತಿಳಿದುಹೋಗುವಾಗ ಜನ ಅದನ್ನು ಇಂದಿಗೂ ಏಕೆ ಓದುತ್ತಾರೆ, ಅದರಲ್ಲಿರುವುದೆಲ್ಲ ನಿಜವೇ, ಸಿನಿಮಾ ನೋಡಿದರೆ ಸಾಲದೇ ಎಂದು ನೀವು ಕೇಳಿದ್ದೀರಿ. ಮಂಡ್ಯದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದಾಗ ಈ ಪುಸ್ತಕದ ಕೆಲವು ಭಾಗಗಳನ್ನು ತರಗತಿಯಲ್ಲಿ ಓದಿಸುತ್ತಿದ್ದೆ. ನಿವೃತ್ತನಾಗಿ ಮೈಸೂರಿಗೆ ಬಂದ ಮೇಲೂ ಅದನ್ನು ಮತ್ತೆ ಕೈಗೆತ್ತಿಕೊಂಡಿದ್ದೇನೆ. ಜೈಲಿನೊಳಗೆ ಹುಟ್ಟಿದ ಒಂದು ಗಾಳಿಮಾತು ನಾಲ್ಕು ಜೀವಗಳನ್ನು ಬಲಿ ತೆಗೆದುಕೊಂಡ ಬಗೆಯನ್ನು ಕಪೋಟಿ ಎಲ್ಲಿ ಹೇಳಿದ, ಎಲ್ಲಿ ಹೇಳದೆ ತಡೆಹಿಡಿದ ಎಂಬುದರಲ್ಲೇ ಆ ಕೃತಿಯ ಆಕರ್ಷಣೆ ಅಡಗಿದೆ ಎಂಬುದು ನನ್ನ ಅಭಿಪ್ರಾಯ.

ಓದದವರಿಗಾಗಿ ಘಟನೆಯನ್ನು ಚುಟುಕಾಗಿ ಹೇಳುತ್ತೇನೆ. 1959ರ ನವೆಂಬರ್ 15ರ ನಸುಕಿನಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಹೋಲ್ಕಂಬ್ ಎಂಬ ಪುಟ್ಟ ಊರಿನಲ್ಲಿ ಅನುಕೂಲಸ್ಥ ರೈತ ಹರ್ಬರ್ಟ್ ಕ್ಲಟರ್, ಆತನ ಪತ್ನಿ ಬಾನಿ, 16 ವರ್ಷದ ಮಗಳು ನ್ಯಾನ್ಸಿ ಹಾಗೂ 15 ವರ್ಷದ ಮಗ ಕೆನ್ಯನ್ ತಮ್ಮ ಮನೆಯಲ್ಲೇ ಕೊಲೆಯಾದರು. ಕೊಂದವರು ರಿಚರ್ಡ್ ಹಿಕಾಕ್ ಮತ್ತು ಪೆರಿ ಸ್ಮಿತ್. ಹಿಂದೊಮ್ಮೆ ಕ್ಲಟರನ ಜಮೀನಿನಲ್ಲಿ ದುಡಿದಿದ್ದ ಕೈದಿಯೊಬ್ಬ, ಆ ಮನೆಯಲ್ಲೊಂದು ತಿಜೋರಿಯಿದೆ, ಅದರಲ್ಲಿ 10,000 ಡಾಲರ್ ಇರಬಹುದು ಎಂದು ಜೈಲಿನಲ್ಲಿ ಹಿಕಾಕನ ಕಿವಿಗೆ ಹಾಕಿದ್ದ. ಆ ಮಾತನ್ನು ನಂಬಿ ಇಬ್ಬರೂ 640 ಕಿಲೋಮೀಟರಿಗೂ ಹೆಚ್ಚು ದೂರ ಕಾರು ಓಡಿಸಿಕೊಂಡು ಬಂದರು. ತಿಜೋರಿ ಇರಲೇ ಇಲ್ಲ. ಕ್ಲಟರ್ ನಗದು ಇಟ್ಟುಕೊಳ್ಳದೆ ಎಲ್ಲ ವ್ಯವಹಾರವನ್ನೂ ಚೆಕ್ಕಿನಲ್ಲೇ ಮಾಡುವವನೆಂದು ಸುತ್ತಲಿನವರಿಗೆಲ್ಲ ಗೊತ್ತಿತ್ತು. ಕೊಲೆಗಾರರಿಗೆ ದಕ್ಕಿದ್ದು ನಲವತ್ತು ಐವತ್ತು ಡಾಲರ್, ಒಂದು ರೇಡಿಯೊ, ಒಂದು ದುರ್ಬೀನು.

ಈ ಸಂಗತಿಯ ಕ್ರೌರ್ಯ ನನಗಿಂತ ಬೇಗ ಅರ್ಥವಾದದ್ದು ನನ್ನ ವಿದ್ಯಾರ್ಥಿಗಳಿಗೆ. ಅವರಲ್ಲಿ ಬಹುಪಾಲು ಮಕ್ಕಳು ನಾಲೆ ಬಯಲಿನ ಹಳ್ಳಿಗಳಿಂದ ಬರುತ್ತಿದ್ದರು. ಕಬ್ಬಿನ ಬಿಲ್ಲು ಬಂದ ವಾರ ಯಾರಿಗೆ ಎಷ್ಟು ಬಂತು, ಯಾರು ಎಲ್ಲಿಟ್ಟಿದ್ದಾರೆ ಎಂಬ ಲೆಕ್ಕ ಅರಳಿಕಟ್ಟೆಯ ಮೇಲೆ ನಡೆಯುವುದನ್ನು ಕೇಳಿ ಬೆಳೆದವರು ಅವರು. “ಸಾರ್, ಆ ಆಳು ಏನೂ ಸುಳ್ಳು ಹೇಳ್ಬೇಕು ಅಂತ ಹೇಳಿಲ್ಲ, ಮಾತಿಗೆ ಮಾತು ಬಂತು ಅಂತ ಹೇಳಿದ್ದಾನೆ ಅಷ್ಟೇ” ಎಂದು ಒಬ್ಬ ಹುಡುಗ ಹೇಳಿದ. ಪುಸ್ತಕದ ಕುರಿತ ಎಷ್ಟೋ ವಿಮರ್ಶೆಗಳಲ್ಲಿ ಇಷ್ಟು ನೇರವಾದ ಮಾತನ್ನು ನಾನು ಕಂಡಿಲ್ಲ. ಸಾಯುವ ಹಿಂದಿನ ದಿನ ಕ್ಲಟರ್ 40,000 ಡಾಲರಿನ ಜೀವವಿಮೆಗೆ ಸಹಿ ಹಾಕಿ, ಮೊದಲ ಕಂತಿಗೆ ಚೆಕ್ಕು ಬರೆದುಕೊಡುವ ಪ್ರಸಂಗವನ್ನು ಕಪೋಟಿ ಯಾವ ಟಿಪ್ಪಣಿಯೂ ಇಲ್ಲದೆ ತಣ್ಣಗೆ ದಾಖಲಿಸುತ್ತಾನೆ. ಆ ಹೊತ್ತಿಗಾಗಲೇ ನಗದಿನ ಆಸೆಗೆ ಬಿದ್ದವರ ಕಾರು ದಾರಿಯಲ್ಲಿದೆ ಎಂಬುದು ನಮಗೆ ಗೊತ್ತಿರುವುದರಿಂದ ಆ ಚೆಕ್ಕಿನ ಮೇಲಿನ ಸಹಿಯೇ ಓದುಗನ ಎದೆ ನಡುಗಿಸಲು ಸಾಕು.

ಇನ್ನು ಕಟ್ಟೋಣದ ವಿಚಾರ. ಪುಸ್ತಕಕ್ಕೆ ನಾಲ್ಕು ಭಾಗಗಳಿವೆ. ಮೊದಲ ಭಾಗದಲ್ಲಿ ಒಂದು ಪರಿಚ್ಛೇದ ಕ್ಲಟರ್ ಮನೆಯ ಕೊನೆಯ ದಿನವನ್ನೂ ಮತ್ತೊಂದು ಆ ಇಬ್ಬರ ಪ್ರಯಾಣವನ್ನೂ ಹೇಳುತ್ತಾ ಹೋಗಿ, ಕಾರು ಮನೆಯ ಹತ್ತಿರಕ್ಕೆ ಬಂದೊಡನೆ ಕಥನ ಕಡಿದು ಮರುದಿನ ಬೆಳಗ್ಗೆ ಹೆಣಗಳು ಕಂಡ ಗಳಿಗೆಗೆ ಹಾರುತ್ತದೆ. ಆ ರಾತ್ರಿ ಒಳಗೆ ನಡೆದದ್ದೇನು ಎಂಬುದು ನಮಗೆ ಸಿಗುವುದು ಮೂರನೆಯ ಭಾಗದಲ್ಲಿ. 1959ರ ಡಿಸೆಂಬರ್ 30ರಂದು ಲಾಸ್ ವೇಗಸ್‌ನಲ್ಲಿ ಸಿಕ್ಕಿಬಿದ್ದ ಪೆರಿಯನ್ನು ಪೊಲೀಸರು ಕಾರಿನಲ್ಲಿ ಕಾನ್ಸಾಸ್‌ಗೆ ಕರೆತರುವಾಗ ಅವನ ಬಾಯಿಂದಲೇ ಅದು ಹೊರಬರುತ್ತದೆ. ಅಷ್ಟರೊಳಗೆ ಪೆರಿಯ ಬಾಲ್ಯ, ಅನಾಥಾಲಯದಲ್ಲಿ ತಿಂದ ಏಟು, ಅಪಘಾತದಲ್ಲಿ ಜಜ್ಜಿಹೋದ ಕಾಲುಗಳು ಎಲ್ಲವನ್ನೂ ನಾವು ತಿಳಿದಿರುತ್ತೇವೆ. ನೆಲ ತಣ್ಣಗಿದೆಯೆಂದು ಕ್ಲಟರನ ಕೆಳಗೆ ರಟ್ಟಿನ ಪೆಟ್ಟಿಗೆ ಹಾಸಿದವನು, ಕೆನ್ಯನ್‌ನ ತಲೆಗೆ ದಿಂಬು ಕೊಟ್ಟವನು, ಹಿಕಾಕ್ ನ್ಯಾನ್ಸಿಯ ಮೈಮುಟ್ಟದಂತೆ ತಡೆದವನು, ತುಸು ಹೊತ್ತಿನಲ್ಲೇ ಕ್ಲಟರನ ಕತ್ತು ಕೊಯ್ದವನು, ಇವರೆಲ್ಲರೂ ಒಬ್ಬನೇ ಎಂದು ಒಪ್ಪಿಕೊಳ್ಳಲು ಮನಸ್ಸು ತಡವರಿಸುತ್ತದೆ. ಬಾಡಿಗೆ ಗ್ರಂಥಾಲಯಗಳಿಂದ ತಂದು ನಾವು ಒಂದೇ ರಾತ್ರಿಗೆ ಓದಿ ಮುಗಿಸುತ್ತಿದ್ದ ಪತ್ತೇದಾರಿ ಕಾದಂಬರಿಗಳಲ್ಲಿ ಪತ್ತೆಯಾದೊಡನೆ ಕಥೆ ಮುಗಿಯುತ್ತಿತ್ತು. ಇಲ್ಲಿ ಪತ್ತೆಯಾದ ಮೇಲೆಯೇ ತೊಡಕು ಶುರುವಾಗುತ್ತದೆ. ಹೆಂಗಸರಿಬ್ಬರನ್ನು ಕೊಂದದ್ದು ಹಿಕಾಕ್ ಎಂದು ಮೊದಲು ಹೇಳಿದ ಪೆರಿ, ಆಮೇಲೆ ಹಿಕಾಕನ ತಾಯಿಯ ಮುಖ ನೋಡಿ ನಾಲ್ಕೂ ಕೊಲೆಗಳನ್ನು ತಾನೇ ಮಾಡಿದೆನೆಂದು ಹೇಳಿಕೆ ಬದಲಿಸಲು ಮುಂದಾಗುತ್ತಾನೆ. ಯಾವುದು ನಿಜವೆಂಬುದನ್ನು ಪುಸ್ತಕ ತೀರ್ಮಾನಿಸುವುದಿಲ್ಲ.

ನನಗೆ ಹೆಚ್ಚು ಇಷ್ಟವಾದದ್ದು, ಸಾಮಾನ್ಯವಾಗಿ ಯಾರೂ ಅಷ್ಟಾಗಿ ಪ್ರಸ್ತಾಪಿಸದ ಎರಡನೆಯ ಭಾಗ. ಕೊಲೆಗಾರರು ಪರಸ್ಥಳದವರೆಂದು ಓದುಗನಿಗೆ ಗೊತ್ತು, ಊರಿಗೆ ಗೊತ್ತಿಲ್ಲ. ಬಾಗಿಲಿಗೆ ಬೀಗ ಹಾಕಿ ಅಭ್ಯಾಸವಿಲ್ಲದ ಜನ ಅಂಗಡಿಗೆ ಹೋಗಿ ಬೀಗ ಅಗುಳಿಗಳನ್ನು ಕೊಳ್ಳುತ್ತಾರೆ, ರಾತ್ರಿಯಿಡೀ ದೀಪ ಉರಿಸಿಕೊಂಡು ಕೂರುತ್ತಾರೆ, ನೆನ್ನೆಯವರೆಗೆ ಜೊತೆಗೆ ಕಾಫಿ ಕುಡಿದವನನ್ನೇ ಕಳ್ಳಗಣ್ಣಿನಿಂದ ನೋಡುತ್ತಾರೆ. ಒಂದು ಊರಿನ ನಂಬಿಕೆ ಕೆಡುವುದನ್ನು ಇಷ್ಟು ನಿಧಾನವಾಗಿ ತೋರಿಸುವ ಬರಹ ಅಪರೂಪ.

ಕಾನೂನು ಓದುತ್ತಿರುವವರಿಗೆ ವಿಚಾರಣೆಯ ಭಾಗ ವಿಶೇಷವಾಗಿ ಉಪಯುಕ್ತ. ಬುದ್ಧಿಭ್ರಮಣೆಯ ಕಾರಣಕ್ಕೆ ಆರೋಪಿಯನ್ನು ಹೊಣೆಯಿಂದ ಬಿಡಬಹುದೇ ಎಂದು ನಿರ್ಧರಿಸಲು ಕಾನ್ಸಾಸ್ ಆಗ ಅನುಸರಿಸುತ್ತಿದ್ದ ಮೆಕ್‌ನಾಟನ್ ನಿಯಮದ ಪ್ರಕಾರ, ಆರೋಪಿಗೆ ತಾನು ಮಾಡುತ್ತಿರುವುದು ತಪ್ಪೆಂಬ ಅರಿವಿತ್ತೇ ಎಂಬುದಷ್ಟೇ ಮುಖ್ಯ. ಹಾಗಾಗಿ ಮನೋವೈದ್ಯನ ವಿವರಣೆಗೆ ನ್ಯಾಯಾಲಯದಲ್ಲಿ ಅವಕಾಶವೇ ಸಿಗಲಿಲ್ಲ. ಬಿಟ್ಟಿದ್ದರೆ ಆತ ಏನು ಹೇಳುತ್ತಿದ್ದನೆಂಬುದನ್ನು ಕಪೋಟಿ ಪುಸ್ತಕದೊಳಗೆ ಸೇರಿಸಿದ್ದಾನೆ. 1843ರ ಆ ಇಂಗ್ಲಿಷ್ ನಿಯಮವೇ ನಮ್ಮ ಭಾರತೀಯ ದಂಡ ಸಂಹಿತೆಯ 84ನೆಯ ಕಲಮಿಗೂ ಆಧಾರವಾಗಿತ್ತು, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಮಾಗಿ ಮುಂದುವರಿದಿದೆ. ಆದ್ದರಿಂದ ಅಲ್ಲಿ ಎದ್ದ ಪ್ರಶ್ನೆ ಮೈಸೂರಿನ ನ್ಯಾಯಾಲಯಕ್ಕೂ ಪರಕೀಯವಲ್ಲ.

ಎಲ್ಲವೂ ನಿಜವೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ, ಅಲ್ಲ. ಕಪೋಟಿ ಸಂದರ್ಶನದ ವೇಳೆ ಧ್ವನಿಮುದ್ರಣ ಮಾಡಿಕೊಳ್ಳದೆ, ಎದುರಿಗೆ ಕೂತು ಬರೆದುಕೊಳ್ಳದೆ, ನೆನಪಿನ ಬಲದಿಂದ ಆಮೇಲೆ ಬರೆಯುತ್ತಿದ್ದ. ಜೊತೆಗೆ ಹೋಗಿದ್ದ ಬಾಲ್ಯದ ಗೆಳತಿ, ಲೇಖಕಿ ಹಾರ್ಪರ್ ಲೀ ಊರಿನವರ ವಿಶ್ವಾಸ ಗಳಿಸಿ ವಿಪುಲವಾದ ಟಿಪ್ಪಣಿಗಳನ್ನು ಮಾಡಿಕೊಟ್ಟಳು. ಆಕೆಯ ಶ್ರಮಕ್ಕೆ ಅರ್ಪಣೆಯ ಪುಟದಲ್ಲಿ ಹೆಸರು ಸಿಕ್ಕಿದ್ದು ಬಿಟ್ಟರೆ ತಕ್ಕ ಮನ್ನಣೆ ದೊರೆಯಲಿಲ್ಲ ಎಂಬುದು ನನ್ನ ದೂರು. ಸ್ಮಶಾನದಲ್ಲಿ ತನಿಖಾಧಿಕಾರಿ ಆಲ್ವಿನ್ ಡ್ಯೂಯಿ ನ್ಯಾನ್ಸಿಯ ಗೆಳತಿಯನ್ನು ಭೇಟಿಯಾಗುವ ಕೊನೆಯ ದೃಶ್ಯ ಕಟ್ಟುಕಥೆ. ಹಿಕಾಕನ ಹೆಸರು ಸಿಕ್ಕೊಡನೆ ಪೊಲೀಸರು ಅವನ ತಂದೆತಾಯಿಯರ ಮನೆಗೆ ಧಾವಿಸಿದರೆಂದು ಪುಸ್ತಕ ಹೇಳಿದರೆ, ಅವರು ಹೋದದ್ದು ಐದು ದಿನ ಕಳೆದ ಮೇಲೆ ಎಂದು ಬಹಳ ವರ್ಷಗಳ ನಂತರ ಹೊರಬಂದ ತನಿಖಾ ದಾಖಲೆಗಳು ಹೇಳುತ್ತವೆ. ಡ್ಯೂಯಿಯನ್ನು ನಾಯಕನನ್ನಾಗಿಸುವ ಆಸೆ ಇದರ ಹಿಂದಿರುವಂತೆ ಕಾಣುತ್ತದೆ. ಪ್ರತಿ ಮಾತೂ ಸತ್ಯವೆಂದು ಕಪೋಟಿ ಡಂಗುರ ಹೊಡೆಯದೆ ಇದ್ದಿದ್ದರೆ ಈ ಲೋಪಗಳು ಇಷ್ಟು ದೊಡ್ಡದಾಗುತ್ತಿರಲಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮತ್ತೊಂದು ಸಂಗತಿ. ಮೇಲ್ಮನವಿಗಳು ನಡೆಯುತ್ತಿರುವಷ್ಟು ಕಾಲ ಪುಸ್ತಕಕ್ಕೆ ಅಂತ್ಯವಿರಲಿಲ್ಲ. 1965ರ ಏಪ್ರಿಲ್ 14ರಂದು ಇಬ್ಬರಿಗೂ ಗಲ್ಲಾಯಿತು, ಅದೇ ವರ್ಷ ಬರಹ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಧಾರಾವಾಹಿಯಾಯಿತು, ಮರುವರ್ಷ ಪುಸ್ತಕವಾಯಿತು. ವರ್ಷಗಟ್ಟಲೆ ಪತ್ರ ಬರೆದು, ಭೇಟಿಯಾಗಿ, ಸ್ನೇಹ ಬೆಳೆಸಿದವರ ಸಾವಿಗಾಗಿ ಲೇಖಕನೊಬ್ಬ ಕಾಯಬೇಕಾಗಿ ಬಂದ ಆ ಸ್ಥಿತಿ, ಪುಸ್ತಕದಲ್ಲಿ ಎಲ್ಲಿಯೂ ‘ನಾನು’ ಎಂದು ಕಾಣಿಸಿಕೊಳ್ಳದ ಕಪೋಟಿಯ ಪ್ರತಿ ವಾಕ್ಯದ ಹಿಂದೆಯೂ ಇದೆ. ಪೆರಿಗೆ ಸಿಕ್ಕಷ್ಟು ಪುಟಗಳು ಬಾನಿ ಕ್ಲಟರಿಗೆ ಸಿಗಲಿಲ್ಲ ಎಂಬ ಆಕ್ಷೇಪವನ್ನೂ ನಾನು ಒಪ್ಪುತ್ತೇನೆ.

ಸಿನಿಮಾದ ವಿಷಯ. ರಿಚರ್ಡ್ ಬ್ರೂಕ್ಸ್ ನಿರ್ದೇಶಿಸಿದ 1967ರ ಕಪ್ಪುಬಿಳುಪು ಚಿತ್ರ ಕೊಲೆ ನಡೆದ ಮನೆಯಲ್ಲೇ ಚಿತ್ರೀಕರಣಗೊಂಡಿತು. ಅದೂ ಆ ರಾತ್ರಿಯನ್ನು ತಪ್ಪೊಪ್ಪಿಗೆಯವರೆಗೆ ತೋರಿಸುವುದಿಲ್ಲ. ಒಳ್ಳೆಯ ಚಿತ್ರವೇ. ಆದರೆ ಊರಿನವರ ಅನುಮಾನದ ಆ ಎರಡನೆಯ ಭಾಗ ತೆರೆಯ ಮೇಲೆ ತೀರ ಸಣ್ಣದಾಗಿಹೋಗಿದೆ, ಹಾಗಾಗಿ ಮೊದಲು ಪುಸ್ತಕವನ್ನೇ ಓದಿ.