ಜಾರಿದ್ದು ಜಿಂಕೆಯಷ್ಟೇ ಅಲ್ಲ: ನಿಮ್ಮ ಕತೆಯ ಬಗ್ಗೆ

ಆತ್ಮೀಯರೇ,

ಅಮೆರಿಕದ ಮಿನೆಸೊಟಾ ರಾಜ್ಯದ ಹೆಪ್ಪುಗಟ್ಟಿದ ಸರೋವರದ ನಡುವೆ ಜಿಂಕೆಮರಿಯೊಂದು ಜಾರಿಬಿದ್ದು, ಕಥಾನಾಯಕ ಓಡಿಹೋಗಿ ಅದನ್ನು ಎತ್ತಿ ತರುವ ನಿಮ್ಮ ಕತೆ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ಭಾಷೆಗೆ ಕೊರತೆಯಿಲ್ಲ, ತೊಡಕಿರುವುದು ಜಿಂಕೆಯಲ್ಲಿ.

ಜನವರಿಯಲ್ಲಿ ಅಲ್ಲಿ ‘ಚುಕ್ಕೆ ಚುಕ್ಕೆಯ ಪುಟ್ಟ ಮರಿ’ ಇರುವುದಿಲ್ಲ. ಅಲ್ಲಿನದು ಬಿಳಿಬಾಲದ ಜಿಂಕೆ. ಮರಿ ಹುಟ್ಟುವುದು ಮೇ ಕೊನೆ, ಜೂನ್ ಹೊತ್ತಿಗೆ. ಚಳಿಗಾಲಕ್ಕೆ ಮುಂಚೆಯೇ ಚುಕ್ಕೆ ಹೋಗಿ ಬೂದುಗಂದು ತುಪ್ಪಳ ಬಂದಿರುತ್ತದೆ, ತೂಕ 30 ಕಿಲೋ ಆಸುಪಾಸು. ತೋಳಲ್ಲಿ ಎತ್ತಿ ಎದೆಗಪ್ಪಿಕೊಳ್ಳುವ ದೃಶ್ಯ ಅಲ್ಲಿಗೇ ಬಿದ್ದುಹೋಯಿತು.

‘ಅಸಹಾಯಕವಾಗಿ ಜಾರಿತು’ ಎಂದು ಎರಡೇ ಪದಗಳಲ್ಲಿ ಮುಗಿಸಿದ್ದೀರಿ. ಕತೆ ಇರುವುದೇ ಅಲ್ಲಿ! ಮಣ್ಣನ್ನು ಕಚ್ಚಿ ಹಿಡಿಯುವ ಗೊರಸು ನುಣುಪಾದ ಮಂಜುಗಡ್ಡೆಯನ್ನು ಹಿಡಿಯಲಾರದು. ಮೇಲೆ ಹಿಮ ಹಾಸಿದ್ದರೆ ಹೇಗೋ ನಡೆದೀತು. ಗಾಳಿ ಹಿಮವನ್ನು ಗುಡಿಸಿ ಹಾಕಿದ ಜಾಗದಲ್ಲಿ ಕಾಲುಗಳು ಎಡಬಲಕ್ಕೆ ಸೀಳಿಕೊಂಡು ಹೊಟ್ಟೆ ನೆಲಕ್ಕೆ ಬಡಿಯುತ್ತದೆ. ಏಳಲು ಒದ್ದಾಡಿದಷ್ಟೂ ತೊಡೆಯ ಒಳಸ್ನಾಯು ಹರಿಯುತ್ತದೆ, ಸೊಂಟದ ಕೀಲು ತಪ್ಪುವುದೂ ಉಂಟು. ಆಮೇಲೆ ಗಟ್ಟಿ ನೆಲ ಸಿಕ್ಕರೂ ನಿಲ್ಲಲಾಗದು. ಅಂದಹಾಗೆ, ಅದು ಅಲ್ಲಿಗೆ ಹೋದದ್ದೇಕೆ? ತೋಳವೋ ಬಿಡಾಡಿ ನಾಯಿಯೋ ಅಟ್ಟಿರಬಹುದು. ನಿಮ್ಮಲ್ಲಿ ಕಾರಣವೇ ಇಲ್ಲ.

ಇನ್ನು ನಾಯಕ. ಬರೀ ಶೂನಲ್ಲಿ ಓಡುತ್ತಾನೆ! ಮನುಷ್ಯ ನಡೆಯಬೇಕಾದರೆ ಹೊಸ, ಪಾರದರ್ಶಕ ಮಂಜುಗಡ್ಡೆಯೇ ಕನಿಷ್ಠ 4 ಇಂಚು ದಪ್ಪ ಇರಬೇಕು, ಬಿಳಿಚಿಕೊಂಡಿದ್ದರೆ ಅದರ ದುಪ್ಪಟ್ಟು. ತೊರೆ ಬಂದು ಸೇರುವಲ್ಲಿ, ಬುಗ್ಗೆಯಿರುವಲ್ಲಿ ಇನ್ನೂ ತೆಳು. ಬಲ್ಲವರು ನೀರು ಒಳಬಿಡದ ಉಡುಪು ತೊಟ್ಟು, ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ದಡದಲ್ಲಿರುವವರ ಕೈಗೆ ಕೊಟ್ಟು ಹೋಗುತ್ತಾರೆ. ಸದ್ದಿಲ್ಲದೆ ಬೆನ್ನ ಕಡೆಯಿಂದ ಹತ್ತಿರವಾಗುತ್ತಾರೆ, ಮುಂದಿನಿಂದ ಹೋದರೆ ಗೊರಸಿನ ಏಟು ಬೀಳುತ್ತದೆ. ಕಣ್ಣಿಗೆ ಬಟ್ಟೆ ಮುಚ್ಚಿ, ಟಾರ್ಪಾಲಿನ ಮೇಲೋ ಜಾರುಬಂಡಿಯ ಮೇಲೋ ಎದೆ ಕೆಳಗಾಗಿ ಮಲಗಿಸಿ ಎಳೆಯುತ್ತಾರೆ. ನಿಮ್ಮವನು ಪಕ್ಕಕ್ಕೆ ಕೆಡವಿ ಕಾಲು ಕಟ್ಟುತ್ತಾನೆ. ಮೆಲುಕು ಹಾಕುವ ಪ್ರಾಣಿಯನ್ನು ಹಾಗೆ ಹೆಚ್ಚು ಹೊತ್ತು ಮಲಗಿಸಿದರೆ ತೇಗು ಹೊರಬರದೆ ಹೊಟ್ಟೆ ಉಬ್ಬಿ ಉಸಿರು ಕಟ್ಟುತ್ತದೆ.

ಕೊನೆಯ ಪುಟದಲ್ಲಿ ಗಂಟೆಗಟ್ಟಲೆ ಕತ್ತು ಸವರಿ, ಜೋಳ ತಿನ್ನಿಸುತ್ತಾನೆ. ಓದುಗರ ಕಣ್ಣು ತುಂಬಲೆಂದು ಬರೆದಿದ್ದೀರಿ, ಆದರೆ ಜಿಂಕೆಗೆ ಅದು ಸವರುವ ಕೈಯಲ್ಲ, ಹಿಡಿದ ಬೇಟೆಗಾರನ ಕೈ. ಭಯ, ಒದ್ದಾಟ ಎರಡೂ ಸೇರಿ ಸ್ನಾಯು ಕರಗತೊಡಗಿದರೆ ಮೂತ್ರಪಿಂಡ ಕೆಡುತ್ತದೆ, ಬಿಟ್ಟ ಎಷ್ಟೋ ದಿನಗಳ ಮೇಲೂ ಸಾಯಬಹುದು. ಜೋಳವೂ ಅಷ್ಟೇ: ಚಳಿಗಾಲದಲ್ಲಿ ಕಡ್ಡಿ, ಮೊಗ್ಗು ತಿಂದು ಒಗ್ಗಿದ ಹೊಟ್ಟೆಗೆ ಒಮ್ಮೆಲೇ ಕಾಳು ಬಿದ್ದರೆ ಆಮ್ಲ ಏರುತ್ತದೆ. ಒಟ್ಟಿನಲ್ಲಿ ನಿಮ್ಮ ನಾಯಕ ಒಂದೇ ಜಿಂಕೆಯನ್ನು ಎರಡು ಸಲ ಕೊಂದಿದ್ದಾನೆ.

ಉಳಿಸಿಕೊಳ್ಳಬೇಕಾದ್ದು ರಾತ್ರಿ ಮಂಜುಗಡ್ಡೆ ಗುಡುಗುವ ಪ್ಯಾರಾ. ಆ ಸದ್ದು ನಿಜ. ಚಳಿ ಏರಿಳಿದಂತೆ ಮಂಜುಗಡ್ಡೆ ಹಿಗ್ಗಿ ಕುಗ್ಗುವಾಗ ಹಾಗೆ ಮೊರೆಯುತ್ತದೆ, ಕುಸಿಯುತ್ತಿದೆ ಎಂದೇನಲ್ಲ. ಅದನ್ನು ಮೊದಲ ಪುಟಕ್ಕೆ ತನ್ನಿ. ಜಿಂಕೆಯನ್ನು ಕಾಡಂಚಿಗೆ ಎಳೆದು, ಕಣ್ಣಿನ ಬಟ್ಟೆ ತೆಗೆದು, ನಾಯಕ ಹಿಂದೆ ಸರಿಯುವಲ್ಲಿಗೆ ಕತೆ ನಿಲ್ಲಿಸಿ. ಜೋಳದ ಪುಟ ಬೇಡವೇ ಬೇಡ. ತಿದ್ದಿ ಕಳಿಸಿದರೆ ಮತ್ತೆ ಓದುತ್ತೇವೆ.